ಕೈಯಿಂದ ಮಾಡಿದ ಸೋಪಿನ ಆನ್‌ಲೈನ್ ಅಂಗಡಿ: ಅಚ್ಚಿನಿಂದ ಕೊರಿಯರ್ ಡಬ್ಬಿಯವರೆಗೆ

ಇನ್‌ಸ್ಟಾಗ್ರಾಮ್‌ನಲ್ಲಿ ಸೋಪಿನ ಪುಟ ತೆರೆಯಲು ಹತ್ತು ನಿಮಿಷ ಸಾಕು. ಕಷ್ಟ ಇರುವುದು ಅಲ್ಲಲ್ಲ. ಆರು ತಿಂಗಳ ಹಿಂದೆ ಕೊಂಡವರು ಅದೇ ಸೋಪನ್ನು ಮತ್ತೆ ತರಿಸಿದಾಗ ಅದೇ ತೂಕ, ಅದೇ ನೊರೆ, ಅದೇ ಪರಿಮಳ ಅವರ ಕೈ ಸೇರಬೇಕು. ಮೊದಲ ಸಲ ಕುತೂಹಲಕ್ಕೆ ಕೊಳ್ಳುವವರು ಎಲ್ಲರಿಗೂ ಸಿಗುತ್ತಾರೆ. ಅಂಗಡಿಯ ಬಾಡಿಗೆ ಕಟ್ಟುವುದು ಎರಡನೇ ಸಲ ಕೊಳ್ಳುವವರ ದುಡ್ಡಿನಿಂದ. ಈ ಮಾರ್ಗದರ್ಶಿ ಹೇಳುವ ಪ್ರತಿ ಹಂತವೂ ಆ ಎರಡನೇ ಆರ್ಡರ್‌ಗಾಗಿಯೇ.

ಮೂರೇ ಸೋಪಿನಿಂದ ಶುರು ಮಾಡಿ

ಹೊಸಬರ ಪುಟಗಳಲ್ಲಿ ಸಾಮಾನ್ಯವಾಗಿ ಹದಿನೈದು, ಇಪ್ಪತ್ತು ಬಗೆ ಕಾಣುತ್ತವೆ: ಕೇಸರಿ, ಇದ್ದಿಲು, ಮೇಕೆ ಹಾಲು, ಕಾಫಿ, ಗುಲಾಬಿ. ಪ್ರತಿ ಬಗೆಗೂ ಬೇರೆ ಲೇಬಲ್, ಬೇರೆ ಪರಿಮಳದ ಬಾಟಲಿ, ಬೇರೆ ದಾಸ್ತಾನು. ಹದಿನೈದು ಬಗೆಯಲ್ಲಿ ಮೂರು ಓಡುತ್ತವೆ, ಹನ್ನೆರಡು ಕಪಾಟಿನಲ್ಲಿ ವಾಸನೆ ಕಳೆದುಕೊಳ್ಳುತ್ತವೆ. ಹಾಗಾಗಿ ಒಂದೇ ಮೂಲ ಎಣ್ಣೆ ಮಿಶ್ರಣ, ಅದರ ಮೇಲೆ ಮೂರು ರೂಪ: ಪರಿಮಳವೇ ಇಲ್ಲದ್ದೊಂದು, ನಿಂಬೆಹುಲ್ಲಿನದೊಂದು, ಲಾವಂಚದ್ದೊಂದು. ಪರಿಮಳ ಇಲ್ಲದ್ದನ್ನು ಬಿಡಬೇಡಿ. ಸೂಕ್ಷ್ಮ ಚರ್ಮದವರು ಕೇಳುವುದು ಅದನ್ನೇ, ಮತ್ತು ಒಮ್ಮೆ ಒಗ್ಗಿದರೆ ಅವರು ಬೇರೆ ಕಡೆ ಹೋಗುವುದು ಕಡಿಮೆ.

ಲೋಷನ್, ಕ್ರೀಮ್, ನೀರಿರುವ ಸ್ಕ್ರಬ್‌ಗಳನ್ನು ಮೊದಲ ವರ್ಷ ಮುಟ್ಟಬೇಡಿ. ನೀರಿನ ಅಂಶ ಇರುವ ಪದಾರ್ಥದಲ್ಲಿ ಬೂಸ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ. ಅದಕ್ಕೆ ಸರಿಯಾದ ಪ್ರಿಸರ್ವೇಟಿವ್, ಪ್ರಯೋಗಾಲಯದ ಪರೀಕ್ಷೆ ಎರಡೂ ಬೇಕು. ಗಟ್ಟಿ ಸೋಪಿನಲ್ಲಿ ಕ್ಷಾರವೇ ಕಾವಲು. ಸ್ನಾನದ ಪುಡಿ ಬೇಕಿದ್ದರೆ ಆಮೇಲೆ ಸೇರಿಸಬಹುದು. ಆದರೆ ಕಡಲೆಹಿಟ್ಟು, ಹೆಸರುಹಿಟ್ಟು ಮಳೆಗಾಲದಲ್ಲಿ ಹುಳು ಹಿಡಿಯುತ್ತವೆ ಎಂಬುದು ಗೊತ್ತಿರಲಿ.

ಪರವಾನಗಿ ಮೊದಲು, ಪುಟ ಆಮೇಲೆ

‘ಮನೆಯಲ್ಲಿ ಮಾಡುವ ಸೋಪಿಗೆ ಲೈಸೆನ್ಸ್ ಬೇಡ’ ಎಂದು ಹೇಳುವವರನ್ನು ನಂಬಬೇಡಿ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ವ್ಯಾಖ್ಯೆಯಿಂದ ಸೋಪು ಹಿಂದೆ ಹೊರಗಿತ್ತು, 1982ರ ತಿದ್ದುಪಡಿಯಲ್ಲಿ ಒಳಗೆ ಬಂತು. ಈಗ ನಡೆಯುವುದು 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ. ಮಾರಾಟಕ್ಕೆ ಸೋಪು ತಯಾರಿಸುವವರು ಸಿಒಎಸ್-5 ನಮೂನೆಯಲ್ಲಿ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಅರ್ಜಿ ಹಾಕಿ, ಸಿಒಎಸ್-8 ಪರವಾನಗಿ ಪಡೆಯಬೇಕು. ಸಿದ್ಧ ಸೋಪ್ ಬೇಸ್ ತಂದು ಕರಗಿಸಿ ಅಚ್ಚಿಗೆ ಹೊಯ್ಯುವುದು, ಪ್ಯಾಕ್ ಮಾಡಿ ಲೇಬಲ್ ಅಂಟಿಸುವುದು ಕೂಡ ಕಾಯ್ದೆಯ ಕಣ್ಣಿಗೆ ತಯಾರಿಕೆಯೇ.

ಜಾಗದ ಷರತ್ತು ಹಲವರನ್ನು ಇಲ್ಲೇ ನಿಲ್ಲಿಸುತ್ತದೆ. ತಯಾರಿಕೆಯ ಕೋಣೆ ವಾಸದ ಮನೆಗೆ ಹೊಂದಿಕೊಂಡು ಒಳದಾರಿ ಇರುವಂತಿರಬಾರದು. ಗೋಡೆ ನುಣುಪಾಗಿ, ತೊಳೆಯಲು ಬರುವಂತಿರಬೇಕು. ತಯಾರಿಕೆಯ ಹೊಣೆ ಹೊರುವ ತಾಂತ್ರಿಕ ಸಿಬ್ಬಂದಿ ಬೇಕು, ಆದರೆ ಇದಕ್ಕೆ ದೊಡ್ಡ ಪದವಿ ಬೇಕಿಲ್ಲ. ಡಿ.ಫಾರ್ಮ ಆದವರು ಆಗುತ್ತಾರೆ, ರಸಾಯನಶಾಸ್ತ್ರ ಓದಿ ಪಿಯುಸಿ ಮಟ್ಟ ಮುಗಿಸಿದವರೂ ಆಗುತ್ತಾರೆ. ಅರ್ಜಿಯ ಮೊದಲೇ ನಿಮ್ಮ ಜಿಲ್ಲೆಯ ಔಷಧ ನಿಯಂತ್ರಣ ಕಚೇರಿಗೆ ಹೋಗಿ ಕೋಣೆಯ ನಕ್ಷೆ ತೋರಿಸಿ. ಟೈಲ್ಸ್ ಹಾಕಿಸಿದ ಮೇಲೆ ಸಿಂಕ್ ಜಾಗ ಬದಲಿಸುವುದಕ್ಕಿಂತ ಅದು ಅಗ್ಗ.

ಅಷ್ಟು ಬಂಡವಾಳ ಇಲ್ಲದಿದ್ದರೆ ಎರಡು ದಾರಿಗಳಿವೆ. ಪರವಾನಗಿ ಇರುವ ಘಟಕದ ಸೌಕರ್ಯ ಬಳಸಿ ನೀವೇ ಮಾಡುವ ಲೋನ್ ಲೈಸೆನ್ಸ್, ಅಂದರೆ ಸಿಒಎಸ್-9, ಒಂದು. ಅವರಿಂದಲೇ ನಿಮ್ಮ ರೆಸಿಪಿಯಲ್ಲಿ ಮಾಡಿಸಿ, ‘ತಯಾರಕರು ಇಂಥವರು, ಮಾರಾಟಗಾರರು ಇಂಥವರು’ ಎಂದು ಲೇಬಲ್‌ನಲ್ಲಿ ಬರೆದು ಮಾರುವುದು ಇನ್ನೊಂದು. ಸ್ತ್ರೀಶಕ್ತಿ ಸಂಘದವರು ಹತ್ತು ಜನ ಸೇರಿ ಒಂದೇ ಕೋಣೆಗೆ ಪರವಾನಗಿ ಮಾಡಿಸಿಕೊಂಡರೆ ಖರ್ಚು ಹಂಚಿಹೋಗುತ್ತದೆ.

ಜಿಎಸ್‌ಟಿ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಕಡೆ ಇದೆ. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿವರೆಗೆ ನೋಂದಣಿ ಬೇಡ ಎಂಬುದು ರಾಜ್ಯದೊಳಗಿನ ಮಾರಾಟಕ್ಕೆ. ನಿಮ್ಮ ವೆಬ್‌ಸೈಟಿನಿಂದ ಮುಂಬೈಗೋ ಹೈದರಾಬಾದಿಗೋ ಒಂದೇ ಸೋಪು ಕಳಿಸಿದರೂ ಅದು ಅಂತರರಾಜ್ಯ ಪೂರೈಕೆ, ಆಗ ನೋಂದಣಿ ಕಡ್ಡಾಯ. ಕಾಂಪೊಸಿಷನ್ ಯೋಜನೆಯಲ್ಲಿ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದ ತೆರಿಗೆ ಕಟ್ಟುವ ವ್ಯವಸ್ಥೆ) ಇರುವವರು ಹೊರರಾಜ್ಯಕ್ಕೆ ಮಾರುವಂತೆಯೇ ಇಲ್ಲ. ಗಟ್ಟಿ ಸ್ನಾನದ ಸೋಪಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ 18%ರಿಂದ 5%ಗೆ ಇಳಿದಿದೆ, ದ್ರವ ಸೋಪಿಗೆ 18% ಹಾಗೆಯೇ ಇದೆ. ಸಣ್ಣ ಉದ್ಯಮಗಳಿಗೆ ಇರುವ ಸರ್ಕಾರದ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಅದಕ್ಕೆ ದುಡ್ಡು ಕೇಳುವ ವೆಬ್‌ಸೈಟುಗಳು ಮಧ್ಯವರ್ತಿಗಳದ್ದು. ಬ್ರ್ಯಾಂಡ್ ಹೆಸರಿನ ಟ್ರೇಡ್‌ಮಾರ್ಕ್ 3ನೇ ವರ್ಗದಲ್ಲಿ ಬರುತ್ತದೆ. ವ್ಯಕ್ತಿಗಳಿಗೆ ಮತ್ತು ಸಣ್ಣ ಉದ್ಯಮಗಳಿಗೆ ಆನ್‌ಲೈನ್ ಅರ್ಜಿಯ ಶುಲ್ಕ 4,500 ರೂಪಾಯಿ. ಸಾವಿರ ಡಬ್ಬಿ ಮುದ್ರಿಸುವ ಮೊದಲು ಆ ಹೆಸರು ಈಗಾಗಲೇ ಬೇರೆಯವರದ್ದಾಗಿದೆಯೇ ಎಂದು ಹುಡುಕಿ ನೋಡಿ.

ಮೂಲ ರೆಸಿಪಿ: ಒಂದು ಕೆಜಿ ಎಣ್ಣೆಗೆ

ತೆಂಗಿನೆಣ್ಣೆ 350 ಗ್ರಾಂ, ತಾಳೆ ಎಣ್ಣೆ 350 ಗ್ರಾಂ, ಅಕ್ಕಿ ತೌಡಿನ ಎಣ್ಣೆ 220 ಗ್ರಾಂ, ಹರಳೆಣ್ಣೆ 80 ಗ್ರಾಂ. ಎಣ್ಣೆಯನ್ನು ಸೋಪಾಗಿಸುವ ಕ್ಷಾರ, ಅಂದರೆ ಕಾಸ್ಟಿಕ್ ಸೋಡಾ 145 ಗ್ರಾಂ, ಡಿಸ್ಟಿಲ್ಡ್ ನೀರು 290 ಗ್ರಾಂ. ಪರಿಮಳ ತೈಲ ಹೆಚ್ಚೆಂದರೆ 30 ಗ್ರಾಂ.

ತೆಂಗು ದೊಡ್ಡ ನೊರೆ ಕೊಡುತ್ತದೆ. ಆದರೆ ಅದೊಂದೇ ಜಾಸ್ತಿಯಾದರೆ ಚರ್ಮ ಬಿಗಿಯುತ್ತದೆ. ತಾಳೆ ಬಿಲ್ಲೆಯನ್ನು ಗಟ್ಟಿ ಮಾಡಿ, ಬಚ್ಚಲಲ್ಲಿ ಬೇಗ ಕರಗದಂತೆ ತಡೆಯುತ್ತದೆ. ಹರಳೆಣ್ಣೆ ಆ ನೊರೆಯನ್ನು ಹಿಡಿದು ನಿಲ್ಲಿಸುತ್ತದೆ, 10% ದಾಟಿದರೆ ಸೋಪು ಅಂಟಂಟು. ತೌಡಿನೆಣ್ಣೆ ಅಗ್ಗವೆಂದು ಅರ್ಧದಷ್ಟು ಸುರಿಯಬೇಡಿ. ಅದರಲ್ಲಿರುವ ಲಿನೋಲಿಯಿಕ್ ಆಮ್ಲ ಗಾಳಿಯ ಜೊತೆ ಸೇರಿ ಕಮಟು ಹಿಡಿಯುತ್ತದೆ.

ಕಾಸ್ಟಿಕ್‌ನ ಲೆಕ್ಕ ಹೀಗೆ: ಒಂದು ಗ್ರಾಂ ಎಣ್ಣೆ ಸೋಪಾಗಲು ಎಷ್ಟು ಗ್ರಾಂ ಕಾಸ್ಟಿಕ್ ಬೇಕು ಎಂದು ಹೇಳುವ ತನ್ನದೇ ಅಂಕಿ ಪ್ರತಿ ಎಣ್ಣೆಗೂ ಇದೆ. ತೆಂಗಿಗೆ 0.183, ತಾಳೆಗೆ 0.142, ತೌಡಿಗೆ 0.133, ಹರಳಿಗೆ 0.128. ಗ್ರಾಮನ್ನು ಅಂಕಿಯಿಂದ ಗುಣಿಸಿ ಕೂಡಿದರೆ ಇಲ್ಲಿ 153 ಗ್ರಾಂ ಬರುತ್ತದೆ. ಅದರಲ್ಲಿ 5% ಕಡಿಮೆ ಮಾಡಿದರೆ 145. ಆ 5% ಕಡಿತದಿಂದ ಸ್ವಲ್ಪ ಎಣ್ಣೆ ಸೋಪಾಗದೆ ಉಳಿದು ಚರ್ಮಕ್ಕೆ ಮೃದುತ್ವ ಕೊಡುತ್ತದೆ, ತೂಕದಲ್ಲಿ ಆಗುವ ಚಿಕ್ಕ ಏರುಪೇರನ್ನೂ ನುಂಗಿಕೊಳ್ಳುತ್ತದೆ. ದೊಡ್ಡ ತಪ್ಪನ್ನು ಅದು ನುಂಗುವುದಿಲ್ಲ. ತೆಂಗಿನೆಣ್ಣೆ ದುಬಾರಿಯಾಯಿತೆಂದು ಆ 350 ಗ್ರಾಂ ಜಾಗಕ್ಕೆ ತೌಡಿನೆಣ್ಣೆ ಹಾಕಿ ಕಾಸ್ಟಿಕ್ ಅಷ್ಟೇ ಇಟ್ಟರೆ 17 ಗ್ರಾಂ ಹೆಚ್ಚಾಗುತ್ತದೆ. ರಕ್ಷಣೆಯ ಪಾಲು ಏಳೆಂಟು ಗ್ರಾಂ ಮಾತ್ರ. ಉಳಿದ ಸುಮಾರು 10 ಗ್ರಾಂ ಕಾಸ್ಟಿಕ್ ಈ ರೆಸಿಪಿಯಿಂದ ಬರುವ ಹನ್ನೆರಡು ಬಿಲ್ಲೆಗಳಲ್ಲಿ ಹಾಗೇ ಕೂತು ಚರ್ಮ ಸುಡುತ್ತದೆ. ಎಣ್ಣೆ ಬದಲಾದರೆ, ಪ್ರಮಾಣ ಬದಲಾದರೆ, ಲೆಕ್ಕ ಮತ್ತೆ ಮೊದಲಿನಿಂದ.

ಬೋರ್‌ವೆಲ್ ನೀರಿನ ಊರುಗಳಿಗೆ ಒಂದು ಮುಖ್ಯ ಸೇರ್ಪಡೆ ಇದೆ. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಬಿಳಿ ಕಸರಾಗಿ ಬಕೆಟ್‌ಗೂ ಕೂದಲಿಗೂ ಅಂಟುತ್ತದೆ, ನೊರೆ ಬರುವುದಿಲ್ಲ. ಬೆಂಗಳೂರಿನ ಹೊರವಲಯದಲ್ಲಿ, ಕೋಲಾರದ ಕಡೆಯಲ್ಲಿ ಇದೇ ದೂರು. ಎಣ್ಣೆಯ 1%, ಅಂದರೆ 10 ಗ್ರಾಂ ಸಿಟ್ರಿಕ್ ಆಮ್ಲವನ್ನು ಮೊದಲು ನೀರಲ್ಲಿ ಕರಗಿಸಿ. ಅದು ಕಾಸ್ಟಿಕ್‌ನ ಒಂದು ಪಾಲನ್ನು ತಿಂದು ಸೋಡಿಯಂ ಸಿಟ್ರೇಟ್ ಆಗುತ್ತದೆ ಮತ್ತು ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ. ಹಾಗೆ ತಿಂದದ್ದನ್ನು ತುಂಬಿಕೊಡಲು ಕಾಸ್ಟಿಕ್ 6.2 ಗ್ರಾಂ ಹೆಚ್ಚು ಬೇಕು. ಸಿಟ್ರಿಕ್ ಪೊಟ್ಟಣದ ಮೇಲೆ ಮಾನೋಹೈಡ್ರೇಟ್ ಎಂದಿದ್ದರೆ 5.7 ಗ್ರಾಂ. ಒಟ್ಟು ಕಾಸ್ಟಿಕ್ ಆಗ 151 ಗ್ರಾಂ.

ಮಾಡುವ ಕ್ರಮ

ಬೇಕಾದ ಸಾಮಾನು: ಒಂದು ಗ್ರಾಂ ತೋರಿಸುವ 5 ಕೆಜಿ ತಕ್ಕಡಿ, ಸಣ್ಣ ತೂಕಕ್ಕೆ 0.1 ಗ್ರಾಂನದ್ದು, ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆ, ತಳದಲ್ಲಿ ‘5’ ಗುರುತಿರುವ ಪಾಲಿಪ್ರೊಪಿಲೀನ್ ಜಗ್, ಸ್ಟಿಕ್ ಬ್ಲೆಂಡರ್, ಥರ್ಮಾಮೀಟರ್, ಒಳಗೆ 30×8×6.5 ಸೆಂ.ಮೀ. ಅಳತೆಯ ಅಚ್ಚು. ಕಣ್ಣಿಗೆ ಸುತ್ತಲೂ ಮುಚ್ಚುವ ಕನ್ನಡಕ, ಕೈಗೆ ಗವಸು, ತುಂಬುತೋಳಿನ ಬಟ್ಟೆ. ಅಲ್ಯೂಮಿನಿಯಂ ಪಾತ್ರೆ ಕೋಣೆಯೊಳಗೇ ಬೇಡ. ಕಾಸ್ಟಿಕ್ ಅದನ್ನು ತಿನ್ನುತ್ತಾ ಹೈಡ್ರೋಜನ್ ಬಿಡುತ್ತದೆ.

1. ಕಿಟಕಿ ತೆರೆದಿಟ್ಟು, ನೀರಿಗೆ ಕಾಸ್ಟಿಕ್ ಅನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕಲಕಿ. ಕಾಸ್ಟಿಕ್ ಮೇಲೆ ನೀರು ಸುರಿಯಬಾರದು, ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ದ್ರಾವಣದ ಬಿಸಿ 90 ಡಿಗ್ರಿಯ ಹತ್ತಿರ ಏರುತ್ತದೆ. ಚರ್ಮಕ್ಕೆ ತಾಗಿದರೆ ವಿನೆಗರ್ ಹಚ್ಚಬೇಡಿ, ನಲ್ಲಿ ಕೆಳಗೆ ಕಾಲು ಗಂಟೆ ಹಿಡಿಯಿರಿ. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡಿ.

2. ಎಣ್ಣೆಗಳನ್ನು ತೂಗಿ ಬೆರೆಸಿ, ತಾಳೆ ಎಣ್ಣೆ ಪೂರ್ತಿ ಕರಗುವಷ್ಟು ಬಿಸಿ ಮಾಡಿ. ತಾಳೆ ಎಣ್ಣೆಯ ಡಬ್ಬವನ್ನು ಪ್ರತಿ ಸಲ ಮೊದಲು ಇಡಿಯಾಗಿ ಕರಗಿಸಿ ಕಲಕಬೇಕು. ಗಟ್ಟಿ ಭಾಗ ತಳಕ್ಕೆ ಇಳಿದಿರುವಾಗ ಮೇಲಿನದ್ದನ್ನು ಮಾತ್ರ ತೆಗೆದರೆ ಈ ತಿಂಗಳ ಸೋಪು ಮೆತ್ತಗೆ, ಮುಂದಿನದ್ದು ಕಲ್ಲು.

3. ಎರಡೂ 40ರಿಂದ 45 ಡಿಗ್ರಿಗೆ ಬಂದಾಗ ಕಾಸ್ಟಿಕ್ ದ್ರಾವಣವನ್ನು ಎಣ್ಣೆಗೆ ಸುರಿದು ಬ್ಲೆಂಡರ್ ಹಾಕಿ: ಹತ್ತು ಸೆಕೆಂಡ್ ತಿರುಗಿಸಿ, ಅರ್ಧ ನಿಮಿಷ ಕೈಯಿಂದ ಕಲಕಿ, ಮತ್ತೆ ತಿರುಗಿಸಿ. ಮೊದಲು ಎಣ್ಣೆಯ ಹೊಳಪು ಮಾಯವಾಗಿ ಮಂಕು ಹಳದಿಯಾಗುತ್ತದೆ. ಆಮೇಲೆ ಬ್ಲೆಂಡರ್ ಎತ್ತಿದಾಗ ತೊಟ್ಟಿಕ್ಕಿದ ಗೆರೆ ಒಂದು ಕ್ಷಣ ಮೇಲೆ ಉಳಿದು ಮುಳುಗುತ್ತದೆ. ನೀರು ದೋಸೆಗಿಂತ ತುಸು ದಪ್ಪ, ಸೆಟ್ ದೋಸೆಗಿಂತ ತೆಳುವಾದ ಹಿಟ್ಟಿನ ಹದ. ಪರಿಮಳ ಹಾಕುವುದು ಈ ಹೊತ್ತಿಗೆ, ಬ್ಲೆಂಡರ್ ನಿಲ್ಲಿಸಿ ಕೈಯಿಂದ ಕಲಕುತ್ತಾ.

4. ಅಚ್ಚಿಗೆ ಹೊಯ್ದು ಮೇಜಿಗೆ ಎರಡು ಸಲ ಕುಟ್ಟಿ ಗಾಳಿಗುಳ್ಳೆ ಬಿಡಿಸಿ, ಮುಚ್ಚಿಡಿ. 24 ಗಂಟೆ ಕಳೆದು ಬೆರಳೊತ್ತಿದರೆ ಗುರುತು ಬೀಳದಂತಾದಾಗ 2.5 ಸೆಂ.ಮೀ. ದಪ್ಪಕ್ಕೆ ಕತ್ತರಿಸಿದರೆ ಹನ್ನೆರಡು ಬಿಲ್ಲೆ. ಒಂದೊಂದೂ ಸುಮಾರು 120 ಗ್ರಾಂ.

5. ಬಿಲ್ಲೆಗಳ ನಡುವೆ ಒಂದು ಬೆರಳು ಸಂದು ಬಿಟ್ಟು, ನೇರ ಬಿಸಿಲು ಬೀಳದ ಗಾಳಿಯಾಡುವ ಕಪಾಟಿನಲ್ಲಿ ಕನಿಷ್ಠ ಐದರಿಂದ ಆರು ವಾರ ಒಣಗಿಸಿ. ಎಣ್ಣೆ ಸೋಪಾಗುವುದು ಮೊದಲ ಒಂದೆರಡು ದಿನದಲ್ಲೇ ಬಹುಪಾಲು ಮುಗಿದಿರುತ್ತದೆ. ಉಳಿದ ವಾರಗಳು ನೀರು ಆರಲು. ಈ ಕಾಲ ಕಡಿಮೆ ಮಾಡಿದ ಸೋಪು ಗಿರಾಕಿಯ ಬಚ್ಚಲಲ್ಲಿ ವಾರದೊಳಗೆ ಲೋಳೆಯಾಗಿ ಕರಗುತ್ತದೆ, ಅವರು ಮತ್ತೆ ಕೊಳ್ಳುವುದಿಲ್ಲ.

ಒಣಗುತ್ತಾ ತೂಕ ಹತ್ತರಿಂದ ಹನ್ನೆರಡು ಶೇಕಡಾ ಇಳಿದು ಬಿಲ್ಲೆ 105, 106 ಗ್ರಾಂಗೆ ನಿಲ್ಲುತ್ತದೆ. ಲೇಬಲ್‌ನಲ್ಲಿ 100 ಗ್ರಾಂ ಎಂದು ಹಾಕಲು ಇದೇ ಆಧಾರ. ಮಾರಾಟದ ತೂಕಕ್ಕೆ ಬಳಸುವ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರಬೇಕು ಎಂಬುದನ್ನು ಮರೆಯಬೇಡಿ.

ಪರೀಕ್ಷೆಗೆ ಮದ್ಯಸಾರದಲ್ಲಿ ಕರಗಿಸಿದ 1% ಫಿನಾಲ್ಫ್ತಲೀನ್ ಒಂದು ಹನಿ ಬಿಲ್ಲೆಯ ಕತ್ತರಿಸಿದ ಮೈ ಮೇಲೆ ಬಿಡಿ. ತಿಳಿ ಗುಲಾಬಿ ಸಹಜ. ಕಡು ಗುಲಾಬಿ ಕಂಡರೆ ಕಾಸ್ಟಿಕ್ ಉಳಿದಿದೆ, ಆ ಬ್ಯಾಚ್ ಮಾರಬಾರದು. ನಿಜವಾದ ಸೋಪಿನ ಪಿಎಚ್ 9ರಿಂದ 10ರ ಆಸುಪಾಸಿನಲ್ಲೇ ಇರುತ್ತದೆ. ‘ಪಿಎಚ್ 5.5ರ ಕೈಸೋಪು’ ಎಂಬ ಜಾಹೀರಾತನ್ನು ನಕಲು ಮಾಡಬೇಡಿ. 5.5ರಲ್ಲಿ ಸೋಪು ಒಡೆದು ಮತ್ತೆ ಕೊಬ್ಬಿನ ಆಮ್ಲವಾಗುತ್ತದೆ.

ಕೆಡುವುದು ಎಲ್ಲಿ, ಯಾಕೆ

ಕಿತ್ತಳೆ ಚುಕ್ಕೆ: ಎರಡು ಮೂರು ತಿಂಗಳಿಗೆ ಬಿಲ್ಲೆಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಕಂದುಗಿತ್ತಳೆ ಕಲೆ ಏಳುತ್ತದೆ. ಮೂಸಿದರೆ ಹಳೆಯ ಕೊಬ್ಬರಿಯ ಕಮಟು. ಕಾರಣ ಹಳೆಯ ಎಣ್ಣೆ, ತೌಡಿನಂಥ ಬೇಗ ಕೆಡುವ ಎಣ್ಣೆಯ ಅತಿಬಳಕೆ, ಕಬ್ಬಿಣದ ಜಾಲರಿಯ ಮೇಲೆ ಒಣಗಿಸಿದ್ದು, ನಲ್ಲಿ ನೀರಿನ ಲೋಹ. ಡಿಸ್ಟಿಲ್ಡ್ ನೀರು ಬಳಸಿ, ಒಣಗಿಸಲು ಮರದ ಪಟ್ಟಿ ಅಥವಾ ಲೇಪನವಿರುವ ಜಾಲರಿ ಇಡಿ. ಸಿಟ್ರೇಟ್ ಇಲ್ಲೂ ನೆರವಿಗೆ ಬರುತ್ತದೆ, ಲೋಹವನ್ನು ಹಿಡಿದಿಡುತ್ತದೆ.

ಬೆವರು: ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಬಿಲ್ಲೆಯ ಮೇಲೆ ಹನಿ ಕಟ್ಟುತ್ತದೆ. ಸೋಪಿನಲ್ಲಿರುವ ಗ್ಲಿಸರಿನ್ ಗಾಳಿಯ ತೇವ ಎಳೆದುಕೊಳ್ಳುತ್ತಿದೆ, ಅಷ್ಟೇ. ಸೋಪು ಕೆಟ್ಟಿಲ್ಲ, ಆದರೆ ಕಾಗದದ ಡಬ್ಬಿಗೆ ಅಂಟಿ ಲೇಬಲ್ ಹಾಳು. ಕೋಣೆಯ ತೇವಾಂಶ 60%ಕ್ಕಿಂತ ಕೆಳಗಿಡಲು ಡಿಹ್ಯೂಮಿಡಿಫೈಯರ್ ಬೇಕಾಗುತ್ತದೆ. ಮಂಗಳೂರು, ಶಿವಮೊಗ್ಗದ ಕಡೆಯವರು ಅದನ್ನು ಮೊದಲ ವರ್ಷದ ಖರ್ಚಿನ ಪಟ್ಟಿಗೇ ಸೇರಿಸಿಕೊಳ್ಳಿ.

ಬಿಳಿ ಪುಡಿ ಕೂತರೆ ಅದು ಸೋಡಾ ಬೂದಿ. ಅಪಾಯವಿಲ್ಲ, ಹಬೆ ಹಿಡಿದರೆ ಹೋಗುತ್ತದೆ. ಹೊಯ್ಯುವ ಮೊದಲೇ ಪಾತ್ರೆಯಲ್ಲಿ ಗಟ್ಟಿಯಾದರೆ ಪರಿಮಳದ ದೋಷ, ಲವಂಗದೆಣ್ಣೆ ಇದರಲ್ಲಿ ಮುಂದು. ಹಾಲು, ಜೇನು, ಬೆಲ್ಲ ಹಾಕಿದ ಸೋಪು ಸಕ್ಕರೆಯಿಂದ ಕಾದು ಅಚ್ಚಿನಿಂದ ಉಕ್ಕುತ್ತದೆ, ಅದಕ್ಕೆ ಬಟ್ಟೆ ಹೊದಿಸದೆ ಫ್ಯಾನ್ ಕೆಳಗಿಡಿ.

ಪರಿಮಳ ಮತ್ತು ಬಣ್ಣದಲ್ಲಿ ಸತ್ಯ

ಸುಗಂಧ ತೈಲ ಕೊಳ್ಳುವಾಗ ಐಎಫ್‌ಆರ್‌ಎ (ಅಂತರರಾಷ್ಟ್ರೀಯ ಸುಗಂಧ ಸಂಘ) ಪ್ರಮಾಣಪತ್ರ ಕೇಳಿ ಪಡೆಯಿರಿ. ಸೋಪು ಅದರಲ್ಲಿ 9ನೇ ವರ್ಗ. ಅಲ್ಲಿರುವ ಗರಿಷ್ಠ ಪ್ರಮಾಣವೇ ನಿಮ್ಮ ಮಿತಿ. ನಿಂಬೆಹುಲ್ಲು, ಲಾವಂಚ ಚೆನ್ನಾಗಿ ನಿಲ್ಲುತ್ತವೆ. ಕಿತ್ತಳೆ, ನಿಂಬೆ ಒಣಗುವುದರೊಳಗೆ ಹಾರಿಹೋಗುತ್ತವೆ. ಮಲ್ಲಿಗೆ, ಗುಲಾಬಿ ಎಸಳು ಸೋಪಿನೊಳಗೆ ಹಾಕಿದರೆ ಕ್ಷಾರದಿಂದ ಕಂದಿ ಕಸದ ಹಾಗೆ ಕಾಣುತ್ತವೆ. ಅರಿಶಿನ ಮೊದಲು ಕೆಂಪಾಗಿ, ಆಮೇಲೆ ಸಾಸಿವೆ ಬಣ್ಣಕ್ಕೆ ಇಳಿದು, ಬೆಳಕಿಗೆ ಮಾಸುತ್ತದೆ. ಹಾಗಾಗಿ ಅರಿಶಿನದ ಸೋಪಿನ ಫೋಟೊ ತಾಜಾ ಇರುವಾಗ ತೆಗೆದು ಹಾಕಬೇಡಿ, ಗಿರಾಕಿಗೆ ಸಿಗುವುದು ಬೇರೆ ಬಣ್ಣ.

ಗಂಧದ ಸೋಪಿನ ಆಸೆ ಇಲ್ಲಿ ಎಲ್ಲರಿಗೂ ಇರುತ್ತದೆ. ಬೆಂಗಳೂರಿನಲ್ಲಿ ಸರ್ಕಾರಿ ಸೋಪು ಕಾರ್ಖಾನೆ ಶತಮಾನದ ಹಿಂದೆ ಶುರುವಾದಾಗಿನಿಂದ ಈ ನೆಲದಲ್ಲಿ ಸೋಪು ಅಂದರೆ ಗಂಧ. ಲೆಕ್ಕ ಹಾಕಿ: ನಿಜವಾದ ಶ್ರೀಗಂಧದೆಣ್ಣೆ ಕೆಜಿಗೆ ಲಕ್ಷ ರೂಪಾಯಿಗೂ ಮೇಲೆ. 30 ಗ್ರಾಂ ಅಂದರೆ 3,000 ರೂಪಾಯಿಗೆ ಕಡಿಮೆ ಇಲ್ಲ, ಹನ್ನೆರಡಕ್ಕೆ ಹಂಚಿದರೆ ಬಿಲ್ಲೆಗೆ ಪರಿಮಳವೊಂದಕ್ಕೇ 250. ಅಷ್ಟಕ್ಕೆ ಮಾರಲು ಆಗದಿದ್ದರೆ ‘ಗಂಧದ ಪರಿಮಳ’ ಎಂದು ಬರೆಯಿರಿ, ‘ಶುದ್ಧ ಶ್ರೀಗಂಧದೆಣ್ಣೆ’ ಎಂದಲ್ಲ. ‘ಮೈಸೂರು ಸ್ಯಾಂಡಲ್ ಸೋಪ್’ ಭೌಗೋಳಿಕ ಗುರುತು ಪಡೆದ ಹೆಸರು, ಅದನ್ನು ಹೋಲುವ ಹೆಸರಿನ ಹತ್ತಿರವೂ ಹೋಗಬೇಡಿ.

ಬೆಲೆ

ಮುಂದಿನ ದರಗಳು ಉದಾಹರಣೆಗೆ. ನಿಮ್ಮ ಊರಿನ ದರ ಹಾಕಿ ಇದೇ ಕ್ರಮದಲ್ಲಿ ಲೆಕ್ಕ ಮಾಡಿ. ತೆಂಗಿನೆಣ್ಣೆ ಕೆಜಿಗೆ 400ರಂತೆ 140 ರೂಪಾಯಿ, ತಾಳೆ 49, ತೌಡು 33, ಹರಳು 16, ಕಾಸ್ಟಿಕ್ ಮತ್ತು ಸಿಟ್ರಿಕ್ 17, ಪರಿಮಳ 75. ಒಟ್ಟು 330, ಬಿಲ್ಲೆಗೆ 27.50. ಡಬ್ಬಿ, ಲೇಬಲ್‌ಗೆ 12. ಒಂದು ಬ್ಯಾಚಿಗೆ ತೂಗುವುದರಿಂದ ಪ್ಯಾಕಿಂಗ್‌ವರೆಗೆ ಮೂರು ಗಂಟೆ, ಗಂಟೆಗೆ 100ರಂತೆ ಬಿಲ್ಲೆಗೆ 25. ಬಾಡಿಗೆ, ಕರೆಂಟು, ಪರೀಕ್ಷೆ, ಕೆಟ್ಟುಹೋಗುವುದಕ್ಕೆ 11.50. ಒಟ್ಟು 76 ರೂಪಾಯಿ. ಕೂಲಿಯನ್ನು ‘ನಾನೇ ಮಾಡುತ್ತೇನಲ್ಲ’ ಎಂದು ಬಿಡುವವರೇ ಹೆಚ್ಚು. ಆರ್ಡರ್ ಬೆಳೆದು ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಂಡ ತಿಂಗಳು ಲಾಭವೇ ಮಾಯವಾಗುವುದು ಇದರಿಂದ.

ಎಂಆರ್‌ಪಿ 180 ಇಟ್ಟುಕೊಳ್ಳಿ. ಒಂದೇ ಬಿಲ್ಲೆಯ ಆರ್ಡರ್‌ನಲ್ಲಿ 180ರಿಂದ ಜಿಎಸ್‌ಟಿ 8.57, ಪೇಮೆಂಟ್ ಗೇಟ್‌ವೇಗೆ 2% ಮತ್ತು ಅದರ ಮೇಲಿನ ತೆರಿಗೆ ಸೇರಿ 4.25, ಕೊರಿಯರ್ 65, ಹೊರಡಬ್ಬಿ 12, ಸೋಪು 76. ಕೈಯಲ್ಲಿ ಉಳಿಯುವುದು 14 ರೂಪಾಯಿ. ಮೂರರ ಪ್ಯಾಕ್ 540ಕ್ಕೆ ಕೊಟ್ಟರೆ ಜಿಎಸ್‌ಟಿ 25.70, ಗೇಟ್‌ವೇ 12.70, ಕೊರಿಯರ್ 75, ಡಬ್ಬಿ 15, ಸೋಪು 228. ಉಳಿಯುವುದು 183. ಆದ್ದರಿಂದ ಪುಟದಲ್ಲಿ ಮೊದಲು ಕಾಣಬೇಕಾದದ್ದು ಮೂರರ ಪ್ಯಾಕ್. ರುಚಿ ನೋಡಲು ಬಯಸುವವರಿಗೆ 25 ಗ್ರಾಂನ ಮೂರು ತುಂಡುಗಳ ಸ್ಯಾಂಪಲ್ ಕೊಡಿ, ಅಂಚೆ ಖರ್ಚು ಅವರದ್ದೇ.

ಲೇಬಲ್

ಸರಕಿನ ಹೆಸರು, ತಯಾರಕರ ಹೆಸರು ಮತ್ತು ಪೂರ್ತಿ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಸಿದ ತಿಂಗಳು, ಯಾವಾಗಿನೊಳಗೆ ಬಳಸಬೇಕು, ನಿವ್ವಳ ತೂಕ, ತೆರಿಗೆ ಸೇರಿದ ಎಂಆರ್‌ಪಿ, ಗ್ರಾಂಗೆ ಎಷ್ಟು ಎಂಬ ದರ, ಪ್ರಮಾಣದ ಇಳಿಕೆಯ ಕ್ರಮದಲ್ಲಿ ಪದಾರ್ಥಗಳು, ದೂರಿಗೆ ಫೋನ್ ಮತ್ತು ಇಮೇಲ್. 100 ಗ್ರಾಂಗೆ 180 ಆದರೆ ‘ಗ್ರಾಂಗೆ ₹1.80’. ಸೋಪು ಒಣಗುತ್ತಾ ಹೋಗುವುದರಿಂದ ತೂಕದ ಜೊತೆ ‘ಪ್ಯಾಕ್ ಮಾಡಿದಾಗ’ ಎಂಬ ಮಾತು ಸೇರಿಸುವ ಅವಕಾಶವಿದೆ, ದೊಡ್ಡ ಕಂಪನಿಗಳ ಡಬ್ಬಿಯಲ್ಲೂ ಅದನ್ನು ನೋಡಬಹುದು. ಕಡ್ಡಾಯ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲೇಬೇಕು, ಜೊತೆಗೆ ಕನ್ನಡ ಹಾಕಿ. ರಾಜ್ಯದಲ್ಲಿ ತಯಾರಾಗುವ ಸರಕಿನ ಮೇಲೆ ಕನ್ನಡವೂ ಇರಬೇಕೆಂದು 2025ರಲ್ಲಿ ಸರ್ಕಾರದ ಆದೇಶವಾಗಿದೆ.

ಮೊಡವೆ, ಇಸಬು, ಸೋರಿಯಾಸಿಸ್ ‘ಗುಣಪಡಿಸುತ್ತದೆ’ ಎಂದು ಬರೆದ ಕೂಡಲೇ ನಿಮ್ಮ ಸೋಪು ಕಾನೂನಿನ ಪ್ರಕಾರ ಔಷಧವಾಗುತ್ತದೆ, ಅದಕ್ಕೆ ಬೇರೆಯೇ ಪರವಾನಗಿ. ‘ಕೆಮಿಕಲ್ ಇಲ್ಲ’ ಎಂಬುದೂ ಸುಳ್ಳು, ಕಾಸ್ಟಿಕ್‌ನಂಥ ಕ್ಷಾರ ಇಲ್ಲದೆ ಯಾವ ಸೋಪೂ ಆಗುವುದಿಲ್ಲ. ‘ಗ್ರೇಡ್ 1’ ಎಂದು ಹಾಕಲು ಸ್ನಾನದ ಸೋಪಿನ ಭಾರತೀಯ ಮಾನಕ ಐಎಸ್ 2888 ಪ್ರಕಾರ ಟಿಎಫ್‌ಎಂ, ಅಂದರೆ ಒಟ್ಟು ಕೊಬ್ಬಿನ ಅಂಶ, 76% ಬೇಕು. ನೀರು, ಗ್ಲಿಸರಿನ್ ಒಳಗೇ ಉಳಿಯುವ ಕೈಸೋಪು ಸಾಮಾನ್ಯವಾಗಿ ಅದಕ್ಕಿಂತ ಕೆಳಗೇ ಇರುತ್ತದೆ. ಪರೀಕ್ಷೆಯ ವರದಿ ಕೈಯಲ್ಲಿಲ್ಲದೆ ಆ ಮಾತು ಬೇಡ.

ಪುಟ, ಫೋಟೊ, ವಿವರ

ವಾಟ್ಸ್ಆ್ಯಪ್ ಬಿಸಿನೆಸ್ ಕ್ಯಾಟಲಾಗ್ ಮತ್ತು ಯುಪಿಐ, ತಿಂಗಳಿಗೆ ಮೂವತ್ತು ನಲವತ್ತು ಆರ್ಡರ್‌ವರೆಗೆ ಇಷ್ಟೇ ಸಾಕು. ಅದಕ್ಕಿಂತ ಹೆಚ್ಚಾದರೆ ವಿಳಾಸ ನಕಲು ಮಾಡುವುದರಲ್ಲೇ ತಪ್ಪುಗಳು ಶುರುವಾಗುತ್ತವೆ. ಆಗ ವೂಕಾಮರ್ಸ್ ಅಥವಾ ಶಾಪಿಫೈನಂಥ ಸ್ವಂತ ತಾಣಕ್ಕೆ ಹೋಗಿ. ತಾಣದಲ್ಲಿ ಮಾರಾಟಗಾರರ ಹೆಸರು, ವಿಳಾಸ, ವಾಪಸಾತಿ ನಿಯಮ, ದೂರು ನೋಡಿಕೊಳ್ಳುವವರ ಹೆಸರು, ಎಂಆರ್‌ಪಿ, ತೂಕ, ತಯಾರಾದ ದೇಶ ಕಾಣುವಂತಿರಬೇಕು. 2020ರ ಇ-ವಾಣಿಜ್ಯ ನಿಯಮದಂತೆ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು.

ಪ್ರತಿ ಸೋಪಿಗೆ ನಾಲ್ಕು ಫೋಟೊ ಸಾಕು: ಕಿಟಕಿ ಬೆಳಕಿನಲ್ಲಿ ಬಿಲ್ಲೆ, ಅಂಗೈ ಮೇಲೆ ಬಿಲ್ಲೆ, ಒದ್ದೆ ಕೈಯಲ್ಲಿ ನೊರೆ, ಲೇಬಲ್‌ನ ಹಿಂಬದಿ. ಎರಡನೆಯದನ್ನು ಬಿಟ್ಟವರಿಗೆ ‘ಇಷ್ಟು ಚಿಕ್ಕದಾ?’ ಎಂಬ ಸಂದೇಶ ತಪ್ಪದೇ ಬರುತ್ತದೆ. ವಿವರದಲ್ಲಿ ಗುಣಗಾನಕ್ಕಿಂತ ಉಪಯೋಗಕ್ಕೆ ಬರುವ ಮಾತಿರಲಿ: ಗಡಸು ನೀರಿನಲ್ಲಿ ನೊರೆ ಹೇಗೆ, ನೀರು ಇಳಿಯುವ ಸೋಪುಪೆಟ್ಟಿಗೆ ಯಾಕೆ ಬೇಕು, ಮೊಣಕೈ ಒಳಭಾಗದಲ್ಲಿ ಮೊದಲು ಹಚ್ಚಿ ಒಂದು ದಿನ ನೋಡಬೇಕು ಎಂಬುದು.

ಪ್ಯಾಕಿಂಗ್ ಮತ್ತು ಕೊರಿಯರ್

ಕೊರಿಯರ್ ದರ ಸಾಮಾನ್ಯವಾಗಿ 500 ಗ್ರಾಂನ ಮೆಟ್ಟಿಲುಗಳಲ್ಲಿ ಏರುತ್ತದೆ, ಮತ್ತು ನಿಜ ತೂಕ, ಗಾತ್ರದ ತೂಕ ಎರಡರಲ್ಲಿ ಹೆಚ್ಚಿನದ್ದನ್ನು ಹಿಡಿಯುತ್ತಾರೆ. ಉದ್ದ, ಅಗಲ, ಎತ್ತರ ಸೆಂ.ಮೀ.ನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಗಾತ್ರದ ತೂಕ ಕೆಜಿಯಲ್ಲಿ ಬರುತ್ತದೆ. 20×15×8ರ ಡಬ್ಬಿ 0.48 ಕೆಜಿ, ಮೊದಲ ಮೆಟ್ಟಿಲಲ್ಲೇ ಉಳಿಯುತ್ತದೆ. 22×18×10 ಆದರೆ 0.79. ಒಳಗೆ ಅದೇ ಮೂರು ಸೋಪಿದ್ದರೂ ಒಂದು ಕೆಜಿಯ ದುಡ್ಡು. ಹೊರಡಬ್ಬಿಯ ಅಳತೆ ಮೊದಲು ನಿರ್ಧರಿಸಿ, ಆಮೇಲೆ ಸೋಪಿನ ಡಬ್ಬಿ ಮುದ್ರಿಸಿ. ಬಿಲ್ಲೆಯನ್ನು ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಬೇಡಿ, ಬೆವರುತ್ತದೆ. ಬೆಣ್ಣೆಕಾಗದ ಸುತ್ತಿ ರಟ್ಟಿನ ಡಬ್ಬಿಗೆ ಹಾಕಿ. ಮಳೆಗಾಲದಲ್ಲಿ ಹೊರಡಬ್ಬಿಗೆ ಮಾತ್ರ ನೀರು ನಿಲ್ಲುವ ಕವರ್.

ಕ್ಯಾಶ್ ಆನ್ ಡೆಲಿವರಿ ಗಿರಾಕಿಗಳನ್ನು ತರುತ್ತದೆ, ‘ಬೇಡ’ ಎಂದು ವಾಪಸಾಗುವ ಡಬ್ಬಿಗಳನ್ನೂ ತರುತ್ತದೆ. ಹಾಗೆ ಹಿಂತಿರುಗಿದ ಒಂದು ಡಬ್ಬಿಗೆ ಹೋಗುವ, ಬರುವ ಎರಡೂ ಖರ್ಚು ನಿಮ್ಮದೇ, ಮೂರರ ಪ್ಯಾಕ್‌ನ ಲಾಭದಲ್ಲಿ ಮುಕ್ಕಾಲು ಪಾಲು ಅಲ್ಲಿಗೆ ಹೋಯಿತು. ಆರ್ಡರ್ ಖಚಿತಪಡಿಸಲು ವಾಟ್ಸ್ಆ್ಯಪ್ ಸಂದೇಶ ಕಳಿಸಿ, ಉತ್ತರ ಬಂದ ಮೇಲೆಯೇ ಡಬ್ಬಿ ಕಟ್ಟಿ. ಮುಂಗಡ ಪಾವತಿಗೆ 30 ರೂಪಾಯಿ ಕಡಿತ ಕೊಡುವುದು ಇದಕ್ಕಿಂತ ಅಗ್ಗ. ಸ್ನಾನದ ಸಾಮಾನಾದ್ದರಿಂದ ತೆರೆದ ಸೋಪು ವಾಪಸಿಲ್ಲ ಎಂದು ಮೊದಲೇ ಬರೆದಿಡಿ, ಒಡೆದು ಬಂದದ್ದಕ್ಕೆ ಫೋಟೊ ನೋಡಿ ಹೊಸದನ್ನು ಮರುಮಾತಿಲ್ಲದೆ ಕಳಿಸಿ. ತುರಿಕೆ, ಉರಿ ಎಂಬ ದೂರು ಬಂದರೆ ಬ್ಯಾಚ್ ಸಂಖ್ಯೆ ಕೇಳಿ, ಆ ಬ್ಯಾಚಿನ ಮಾರಾಟ ಅವತ್ತೇ ನಿಲ್ಲಿಸಿ, ಎತ್ತಿಟ್ಟ ಬಿಲ್ಲೆಯನ್ನು ಮತ್ತೆ ಪರೀಕ್ಷಿಸಿ. ಇದಕ್ಕಾಗಿ ಪ್ರತಿ ಬ್ಯಾಚಿನ ಒಂದು ಬಿಲ್ಲೆಯನ್ನು, ಎಣ್ಣೆಯ ಬಿಲ್ ಸಂಖ್ಯೆ, ತೂಕ, ಬಿಸಿ, ದಿನಾಂಕ ಬರೆದ ಪುಟದ ಜೊತೆ ಎರಡು ವರ್ಷ ಇಟ್ಟುಕೊಳ್ಳಬೇಕು.

ಹಬ್ಬದ ದಾಸ್ತಾನು

ವರ್ಷದ ದೊಡ್ಡ ಆರ್ಡರ್‌ಗಳು ಬರುವುದು ದೀಪಾವಳಿಗೆ. ಅಭ್ಯಂಜನದ ಹಬ್ಬ, ಜೊತೆಗೆ ಕಚೇರಿಗಳ ಉಡುಗೊರೆ. ಹಿಂದಕ್ಕೆ ಎಣಿಸಿ: ಮಾರಾಟಕ್ಕೆ ಮೂರು ವಾರ, ಕೊರಿಯರ್‌ಗೆ ಒಂದು, ಪ್ಯಾಕಿಂಗ್‌ಗೆ ಒಂದು, ಒಣಗಲು ಆರು. ಹನ್ನೊಂದು ವಾರ ಆಯಿತು. ಹಬ್ಬ ನವೆಂಬರ್ ಮೊದಲಲ್ಲಿ ಬಿದ್ದರೆ ಆಗಸ್ಟ್ ಮಧ್ಯಕ್ಕೆ ಸೋಪು ಅಚ್ಚಿನಲ್ಲಿರಬೇಕು, ಅದೂ ಒಣಗುವುದೇ ನಿಧಾನವಾಗುವ ಶ್ರಾವಣದ ಮಳೆಯಲ್ಲಿ. ತಡಮಾಡಿದವರು ಮೂರು ವಾರದ ಹಸಿ ಸೋಪು ಕಳಿಸಿ, ಹೊಸ ಗಿರಾಕಿಗಳನ್ನೆಲ್ಲ ಒಂದೇ ಹಬ್ಬದಲ್ಲಿ ಕಳೆದುಕೊಳ್ಳುತ್ತಾರೆ.

ಎರಡೆರಡು ಬಿಲ್ಲೆಯ 300 ಡಬ್ಬಿ ಅಂದರೆ 600 ಬಿಲ್ಲೆ, ಒಂದು ಕೆಜಿಯ ಐವತ್ತು ಬ್ಯಾಚ್. ಇದನ್ನು ಐದು ಕೆಜಿಯ ಹತ್ತು ಬ್ಯಾಚಿಗೆ ಇಳಿಸಿ. ಸಿಟ್ರಿಕ್ 50 ಗ್ರಾಂ ಸೇರಿದರೆ ಕಾಸ್ಟಿಕ್ 756, ನೀರು 1,450. ದೊಡ್ಡ ಬ್ಯಾಚು ತನ್ನೊಳಗೇ ಹೆಚ್ಚು ಕಾಯುತ್ತದೆ, ಆದ್ದರಿಂದ 35ರಿಂದ 38 ಡಿಗ್ರಿಗೆ ಬೆರೆಸಿ, ಒಂದೇ ದೊಡ್ಡ ಅಚ್ಚಿನ ಬದಲು ಐದು ಅಚ್ಚಿಗೆ ಹಂಚಿ. ಕಚೇರಿ ಆರ್ಡರ್‌ಗೆ ಅರ್ಧ ಹಣ ಮುಂಗಡ ಬಾರದೆ ಎಣ್ಣೆ ತೂಗಬೇಡಿ. ಅವರ ಲೋಗೊವನ್ನು ಸೋಪಿನ ಮೈ ಮೇಲೆ ಒತ್ತುವ ಬದಲು ಡಬ್ಬಿಗೆ ಸುತ್ತುವ ಕಾಗದದ ಪಟ್ಟಿಯಲ್ಲಿ ಮುದ್ರಿಸಿ. ಆರ್ಡರ್ ರದ್ದಾದರೆ ಪಟ್ಟಿ ಬಿಚ್ಚಿ ಅದೇ ಸೋಪನ್ನು ನಿಮ್ಮ ಪುಟದಲ್ಲೇ ಮಾರಬಹುದು.